ಎರಡು ಹಳದಿ ಇದ್ದರೆ ಎರಡು ಮರಿಯೇ?

ಪ್ರಶ್ನೆ: ನಮ್ಮ ಗೌಜಲಹಕ್ಕಿ ಎರಡು ಹಳದಿಯ ಮೊಟ್ಟೆ ಇಡುತ್ತಿದೆ. ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಅವಳಿ ಮರಿ ಸಿಕ್ಕೀತೇ?

ಉತ್ತರ: ಸಿಕ್ಕರೆ ಅದೃಷ್ಟ. ಎರಡೂ ಹಳದಿ ಫಲಿತವಾಗಿದ್ದರೂ ಭ್ರೂಣಗಳು ಹೆಚ್ಚಾಗಿ ಕೊನೆಯ ದಿನಗಳಲ್ಲಿ ಸಾಯುತ್ತವೆ. ಒಳಗೆ ಜಾಗ ಸಾಲದು. ಅಗಲ ತುದಿಯ ಗಾಳಿಗೂಡೂ ಒಂದೇ. ಒಂದು ಮರಿ ಅದಕ್ಕೆ ಕೊಕ್ಕು ಚಾಚಿದರೆ ಇನ್ನೊಂದು ಉಸಿರಿಲ್ಲದೆ ಒದ್ದಾಡುತ್ತದೆ.

ಪ್ರಯೋಗ ಮಾಡಲೇಬೇಕೆಂದಿದ್ದರೆ ಅಗಲ ತುದಿ ಮೇಲಿರಲಿ. ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 50ರ ಆಸುಪಾಸು. 14ನೇ ದಿನದವರೆಗೆ ದಿನಕ್ಕೆ ಮೂರ್ನಾಲ್ಕು ಸಲ ಮೊಟ್ಟೆ ವಾಲಿರುವ ಬದಿ ಬದಲಿಸಿ. ಆಮೇಲೆ ಅಲುಗಿಸದೆ ತೇವಾಂಶವನ್ನು ಶೇ 65–70ಕ್ಕೇರಿಸಿ. 17–18ನೇ ದಿನ ಮರಿಯಾಗಬೇಕು. ಅವಸರಪಟ್ಟು ಚಿಪ್ಪು ಸುಲಿಯಬೇಡಿ, ಪೊರೆಯ ರಕ್ತನಾಳ ಹರಿದರೆ ಮರಿ ಉಳಿಯದು. ಹಿಂಡು ಹೆಚ್ಚಿಸುವುದೇ ಉದ್ದೇಶವಾದರೆ ಇಂಥವು ಬಾಣಲೆಗೇ ವಾಸಿ. ಯಂತ್ರದಲ್ಲಿ ಮಾಮೂಲಿ ಮೊಟ್ಟೆ ಇಡಿ.