23 ಗ್ರೂಪು, ಒಂದು ಮಳೆ ಡೈರಿ

ಇದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ. ಊರು, ವಯಸ್ಸು, ಕುಟುಂಬದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನ ಹಾಗೆ ನಿದ್ದೆ ಬಿಟ್ಟು ಕೂರುವವರು ನಮ್ಮ ಕಡೆ ಇನ್ನೂ ಇದ್ದಾರೆ ಮೇಡಂ, ಬರೆಯಿರಿ" ಎಂದು ಅವರೇ ಹೇಳಿದರು.

ಅವರು ಮಡಿಕೇರಿ ತಾಲ್ಲೂಕಿನ ಕಾಫಿ ಬೆಳೆಗಾರರು. ವಯಸ್ಸು ನಲವತ್ತು ದಾಟಿದೆ. ಆರು ಎಕರೆ ತೋಟ, ಜಾಸ್ತಿ ಪಾಲು ರೋಬಸ್ಟಾ, ಮರಗಳಿಗೆ ಕರಿಮೆಣಸು. ಮನೆಯಲ್ಲಿ ಹೆಂಡತಿ, ತಾಯಿ, ಪಿಯುಸಿ ಓದುವ ಮಗಳು. ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ ಕೂತ ಕೂಡಲೇ ಹೇಳಿದರು: "ನನಗೆ ಫೋನಿನ ಚಟ ಇಲ್ಲ. ರೀಲ್ಸ್ ನೋಡೋದಿಲ್ಲ, ಗೇಮ್ ಆಡೋದಿಲ್ಲ. ಬೇಕಾದ ವಿಷಯ ಮಾತ್ರ ನೋಡ್ತೇನೆ."

ಅದು ನಿಜವೇ. ಮಳೆ, ಹಾರಂಗಿ ಡ್ಯಾಮಿನ ಮಟ್ಟ, ರಸ್ತೆ, ಆನೆ, ಕಾಫಿ ರೇಟು. ಎಲ್ಲವೂ ಬೇಕಾದ ವಿಷಯಗಳೇ. ಅದಕ್ಕಾಗಿ 23 ವಾಟ್ಸಾಪ್ ಗ್ರೂಪು, ಐದು ಹವಾಮಾನ ಆ್ಯಪ್. ರಾತ್ರಿ ಲಂಡನ್ನಿನ ರೋಬಸ್ಟಾ ರೇಟು, ಅದಾದ ಮೇಲೆ ನ್ಯೂಯಾರ್ಕಿನ ಅರೇಬಿಕಾ ರೇಟು. ಅವರ ತೋಟದಲ್ಲಿ ಅರೇಬಿಕಾ ಇಲ್ಲ.

ಅವರನ್ನು ನನ್ನ ಹತ್ತಿರ ಕರೆತಂದದ್ದು ಜನವರಿಯ ಒಂದು ಮಧ್ಯಾಹ್ನ. ಕಣದ ತುಂಬ ಕಾಫಿ ಹರಡಿತ್ತು, ಇನ್ನೆರಡು ದಿನ ಬಿಸಿಲು ಬಿದ್ದರೆ ಮೂಟೆ ಕಟ್ಟಬಹುದಿತ್ತು. ಗ್ರೂಪಿನಲ್ಲಿ ಯಾರೋ ಮೋಡದ ಚಿತ್ರ ಹಾಕಿದರು. ಮಳೆ ನಮ್ಮ ಕಡೆ ಬರುತ್ತೆ, ಇಲ್ಲ ಸೋಮವಾರಪೇಟೆ ಕಡೆ ಹೋಗುತ್ತೆ ಎಂದು ಚರ್ಚೆ ಶುರುವಾಯಿತು. ಇವರು ಜಗಲಿಯಲ್ಲಿ ಕೂತು ಒಂದೊಂದೇ ಆ್ಯಪ್ ತೆಗೆದು ನೋಡಿ, ಉದ್ದದ ಉತ್ತರ ಬರೆಯುತ್ತಿದ್ದರು. ಮುಂದೆ ಇಪ್ಪತ್ತು ಅಡಿ ದೂರದಲ್ಲಿ ಕಣ. ತಲೆಯೆತ್ತಿದಾಗ ಹನಿ ಬೀಳುತ್ತಿತ್ತು. ಹೆಂಡತಿ ಒಬ್ಬರೇ ಕಾಫಿಯನ್ನು ರಾಶಿ ಎಳೆದು ಟಾರ್ಪಾಲ್ ಹೊದಿಸಲು ಒದ್ದಾಡುತ್ತಿದ್ದರು. ಅರ್ಧ ನೆನೆದೇ ಹೋಯಿತು. ಮೂರನೇ ದಿನ ಬೂಸ್ಟು.

"ಅವಳು ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಏನೂ ಹೇಳಲಿಲ್ಲ. ಟಾರ್ಪಾಲಿನ ಇನ್ನೊಂದು ತುದಿ ಹಿಡಿಯಿರಿ ಅಂದಳು, ಅಷ್ಟೇ."

ಮೊದಲ ಭೇಟಿಯಲ್ಲಿ ನಾನು ಸಲಹೆ ಕೊಡಲಿಲ್ಲ. ಒಂದು ಸಣ್ಣ ಪುಸ್ತಕ ಕೊಟ್ಟೆ. ಫೋನ್ ಕೈಗೆ ತೆಗೆದುಕೊಂಡಾಗೆಲ್ಲ ಮೂರು ಮಾತು ಬರೆಯಬೇಕು. ಏನು ಹುಡುಕಿದೆ? ಸಿಕ್ಕಿತಾ? ತಿಳಿದ ಮೇಲೆ ಏನು ಮಾಡಿದೆ? ಮರುವಾರ ತಂದು ತೋರಿಸಿದರು. ಒಂದು ದಿನದಲ್ಲಿ 61 ಸಲ ಫೋನ್ ಎತ್ತಿದ್ದರು. ಮೂರನೇ ಸಾಲು ತುಂಬಿದ್ದು ಒಂದೇ ಕಡೆ: "ಕೆಳಗಿನ ದಾರಿಯಲ್ಲಿ ಆನೆ ಇದೆ ಎಂದು ತಿಳಿಯಿತು. ಕೆಲಸದವರನ್ನು ಮೇಲಿನ ದಾರಿಯಲ್ಲಿ ಕರೆತಂದೆ." ಉಳಿದ 60 ಖಾಲಿ. ಆ ಪುಟವನ್ನು ಅವರು ಬಹಳ ಹೊತ್ತು ನೋಡಿದರು.

ಮೂರನೇ ಭೇಟಿಯಲ್ಲಿ 2018 ಹೊರಗೆ ಬಂತು.

ಆ ಆಗಸ್ಟ್ ನಮ್ಮಲ್ಲಿ ಯಾರಿಗೆ ಮರೆತಿದೆ ಹೇಳಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಬೆಟ್ಟಗಳೇ ಜಾರಿದವು. ಇವರ ಸೋದರತ್ತೆಯ ಮನೆ ಆ ಭಾಗದಲ್ಲಿತ್ತು. ಇವರ ಊರಿನಲ್ಲಿ ಮೂರು ದಿನ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಟವರ್ ಜೀವ ಬಂದಾಗ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಅದರಲ್ಲಿ ಮೂರು ದಿನ ಹಳೆಯದೊಂದು, ಅತ್ತೆಯ ಮಗನದ್ದು: "ಜೀಪ್ ತರೋಕಾಗುತ್ತಾ?" ಅಷ್ಟರಲ್ಲಿ ಅವರು ಬೆಟ್ಟ ಹತ್ತಿ, ನಡೆದು, ಪರಿಹಾರ ಕೇಂದ್ರ ಸೇರಿದ್ದರು. ಜೀವ ಉಳಿಯಿತು. ಮನೆ, ತೋಟ ಹೋಯಿತು.

"ಇನ್ನು ಯಾವ ಮೆಸೇಜೂ ತಪ್ಪಿಸಿಕೊಳ್ಳಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ."

ನನಗೆ ಇಲ್ಲಿ ಎಲ್ಲವೂ ಅರ್ಥವಾಯಿತು. ಅವರು ಮಾಹಿತಿ ಹುಡುಕುತ್ತಿರಲಿಲ್ಲ, ಆ ಒಂದು ಮೆಸೇಜಿಗೆ ಇನ್ನೂ ಉತ್ತರ ಕೊಡಲು ಒದ್ದಾಡುತ್ತಿದ್ದರು. ಇಂಥವರಿಗೆ "ಫೋನ್ ಪಕ್ಕಕ್ಕಿಡಿ, ಸುಮ್ನೆ ಮಲಗಿ" ಎಂದರೆ ನಾಟುವುದಿಲ್ಲ. ಅದು ಅವರ ಕಿವಿಗೆ "ನಿಮ್ಮವರನ್ನು ಬಿಟ್ಟುಬಿಡಿ" ಎಂದೇ ಕೇಳಿಸುತ್ತದೆ.

ನಾನು ಅವರಿಗೆ ವಿವರಿಸಿದ್ದು ಇಷ್ಟು. ಭಯವಾದಾಗ ಫೋನ್ ನೋಡಿದರೆ ಒಂದು ನಿಮಿಷ ಹಗುರ ಅನಿಸುತ್ತದೆ. ಮನಸ್ಸು ಅದನ್ನು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಕೈ ಹೋಗುತ್ತದೆ. ಜೊತೆಗೆ 60 ಸಲ ಏನೂ ಸಿಗದೆ ಒಂದು ಸಲ ಆನೆಯ ಸುದ್ದಿ ಸಿಗುತ್ತದಲ್ಲ, ಆ ಒಂದು ಸಲವೇ ಹಗ್ಗ ಬಿಗಿಯುವುದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ. ಕುಕ್ಕಿದಾಗೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

"ನಿಮ್ಮ ತಂದೆ ಮಳೆಗಾಲವನ್ನು ಹೇಗೆ ಕಳೆಯುತ್ತಿದ್ದರು?" ಎಂದು ಕೇಳಿದೆ. ಮುಂದಿನ ಭೇಟಿಗೆ ಒಂದು ಹಳೆ ಡೈರಿ ತಂದರು. ನಮ್ಮ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಇಂಥದ್ದು ಸಿಗುತ್ತದೆ. ಅಂಗಳದ ಮಳೆ ಮಾಪಕದಲ್ಲಿ ಅಳೆದು ಇಂಚು, ಸೆಂಟಿನಲ್ಲಿ ಬರೆದ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ತಂದೆಯವರು ದಿನಕ್ಕೆ ಒಂದೇ ಸಾಲು ಬರೆದಿದ್ದರು. "ಜುಲೈ 14. 3-20. ಕೊಟ್ಟಿಗೆ ಹೆಂಚು ಸರಿ ಮಾಡಿಸಿದೆ." "ಜುಲೈ 15. 1-85. ತೋಡು ಬಿಡಿಸಿದೆ." ಒಂದು ಅಂಕಿ, ಒಂದು ಕೆಲಸ. ಪ್ರತಿ ಪುಟವೂ ಹಾಗೇ.

ನಾವು ಅಲ್ಲಿಂದಲೇ ಶುರು ಮಾಡಿದೆವು. ಅಟ್ಟದ ಮೇಲಿದ್ದ ಮಾಪಕ ಕೆಳಗಿಳಿಯಿತು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಅದೇ ಹೊತ್ತಿಗೆ ಅಳೆಯುವುದು ಎಂದು ಗೊತ್ತು ಮಾಡಿದೆವು. ಇಲಾಖೆಯ ಮಿಲಿಮೀಟರನ್ನು ಮಗಳು ತಾತನ ಲೆಕ್ಕಕ್ಕೆ ತಂದಳು. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, ಅಂದರೆ ಸುಮಾರು ಎರಡೂವರೆ ಇಂಚು. 115.6 ಮುಟ್ಟಿದರೆ ಅತಿ ಭಾರಿ, ಸುಮಾರು ನಾಲ್ಕೂವರೆ ಇಂಚು. 204.4ಕ್ಕಿಂತ ಜಾಸ್ತಿಯಾದರೆ ಅತ್ಯಂತ ಭಾರಿ, ಎಂಟು ಇಂಚು. ಇಲಾಖೆ ಕೊಡುವ ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. ಯಾವ ಬಣ್ಣಕ್ಕೆ ಮನೆಯವರು ಏನು ಮಾಡಬೇಕು ಎಂದು ನಾಲ್ವರೂ ಕೂತು ತೀರ್ಮಾನಿಸಿದರು. ಕಿತ್ತಳೆಗೆ ದಾಖಲೆ, ಔಷಧಿ, ಟಾರ್ಚು ಒಂದು ಚೀಲದಲ್ಲಿ ಬಾಗಿಲ ಹತ್ತಿರ. ಕೆಂಪಿಗೆ ತಾಯಿ ಮತ್ತು ಮಗಳು ಕತ್ತಲಾಗುವ ಮೊದಲೇ ಕುಶಾಲನಗರದ ನೆಂಟರ ಮನೆಗೆ. ಅದನ್ನು ಬರೆದು ಅಡುಗೆಮನೆ ಕ್ಯಾಲೆಂಡರ್ ಪಕ್ಕ ಅಂಟಿಸಿದರು. ಇದಾದ ಮೇಲೆ ಐದು ಆ್ಯಪ್ ಬೇಕಾಗಲಿಲ್ಲ.

ಫೋನಿಗೆ ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಮಳೆ ಅಳೆದ ಮೇಲೆ ಮತ್ತು ಸಂಜೆ ಏಳಕ್ಕೆ, ಇಪ್ಪತ್ತು ಇಪ್ಪತ್ತು ನಿಮಿಷ. ಗ್ರೂಪುಗಳಿಂದ ಹೊರಬನ್ನಿ ಎಂದು ನಾನು ಹೇಳಲಿಲ್ಲ. ಕುಟುಂಬದ ಗ್ರೂಪು ಬಿಟ್ಟರೆ ಮದುವೆ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ, ಅಲ್ವಾ? ಊರಿನದ್ದು, ಆನೆಯದ್ದು, ಹತ್ತಿರದ ಮನೆಯವರದ್ದು ಉಳಿಸಿ, ಬಾಕಿ 20 ಮ್ಯೂಟ್ ಮಾಡಿದರು. ಎರಡು ಬಾಣದ ಗುರುತು ಬಂದರೆ ಅದು ಬಹಳ ಕೈ ದಾಟಿ ಬಂದ ಮೆಸೇಜು. ಆ ಜಾಗದಲ್ಲಿರುವ ಒಬ್ಬರಿಗೆ ಫೋನ್ ಮಾಡಿ ಕೇಳದೆ ಅದನ್ನು ನಂಬುವಂತಿಲ್ಲ, ಕಳಿಸುವಂತಿಲ್ಲ.

ಕಷ್ಟವಾದದ್ದು ರಾತ್ರಿ. ಮಳೆಗಾಲದಲ್ಲಿ ನಮ್ಮ ಬೆಟ್ಟದ ಊರುಗಳಲ್ಲಿ ಫೋನ್ ಪೂರ್ತಿ ಆಫ್ ಮಾಡಿ ಎನ್ನುವುದು ಸರಿಯಲ್ಲ, ಹಾಗೆ ನಾನು ಯಾರಿಗೂ ಹೇಳುವುದಿಲ್ಲ. ಹಾಗಾಗಿ ಒಂದು ಹಳೆಯ ಕೀಪ್ಯಾಡ್ ಫೋನಿಗೆ ಬೇರೆ ಸಿಮ್ ಹಾಕಿಸಿದೆವು. ನಂಬರ್ ಗೊತ್ತಿರುವುದು ಮೂವರಿಗೆ ಮಾತ್ರ: ಪಕ್ಕದ ತೋಟದವರು, ಅತ್ತೆಯ ಮಗ, ಊರಿನ ಪಂಚಾಯಿತಿ ಸದಸ್ಯರು. ಅದು ತಲೆಯ ಹತ್ತಿರ. ಸ್ಮಾರ್ಟ್‌ಫೋನ್ ಹಾಲಿನ ಕಪಾಟಿನಲ್ಲಿ. ನೆಟ್‌ವರ್ಕ್ ಹೋದರೆ ಬ್ಯಾಟರಿ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ. ಸಂಜೆ ಬೆಳಕಿರುವಾಗಲೇ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ನೋಡಿ ಬರುವುದು. ಹೊಸ ಬಿರುಕು, ವಾಲಿದ ಮರ, ಮೊದಲು ನೀರಿಲ್ಲದ ಕಡೆ ಉಕ್ಕುವ ಕೆಸರು ನೀರು, ಇವು ಕಂಡರೆ ಬಣ್ಣ ಯಾವುದೇ ಇರಲಿ, ಮನೆ ಬಿಡುವುದು.

ಇದೆಲ್ಲದರ ಜೊತೆ ಇನ್ನೊಂದು ಕೆಲಸ ಹೇಳಿದೆ. ಅತ್ತೆಯನ್ನು ಹೋಗಿ ನೋಡಿ, ಆ ಮೆಸೇಜಿನ ವಿಷಯ ಅವರ ಹತ್ತಿರವೇ ಮಾತಾಡಿ. ಇಷ್ಟು ವರ್ಷ ಅವರು ಅದನ್ನು ಬಾಯಿ ಬಿಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ಹೋದರು. ಅತ್ತೆ ಕಾಫಿ ಕೊಟ್ಟು ಹೇಳಿದರಂತೆ: "ನಿಂಗೆ ಮೆಸೇಜ್ ಸಿಗದೇ ಇದ್ದದ್ದೇ ಒಳ್ಳೆದಾಯ್ತು ಮಗ. ನೀನು ಜೀಪ್ ತಕೊಂಡು ಆ ರಸ್ತೆಗೇ ಬರ್ತಿದ್ದೆ." ನನ್ನೆದುರು ಇದನ್ನು ಹೇಳುವಾಗ ಅವರು ಅತ್ತರು. ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಜುಲೈ ಮೊದಲ ವಾರ ಒಂದು ರಾತ್ರಿ ಮತ್ತೆ ಎರಡು ಗಂಟೆವರೆಗೆ ಕೂತಿದ್ದರು. ಬೆಳಿಗ್ಗೆ ನನಗೆ ಫೋನ್ ಮಾಡಿ, ಎಲ್ಲ ಹಾಳಾಯಿತು ಎಂದರು. ಹಾಳಾಗಿಲ್ಲ, ಇವತ್ತು 8.30ಕ್ಕೆ ಮಳೆ ಅಳೆಯಿರಿ ಎಂದೆ. ಹೀಗೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಲೇಬೇಕು ಎಂದೂ ಹೇಳಿದೆ. ಹೊತ್ತಲ್ಲದ ಹೊತ್ತಿನಲ್ಲಿ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಆಗಸ್ಟ್ ಮೊದಲ ವಾರದ ನಮ್ಮ ಕೊಡಗಿನ ಹಬ್ಬ ಕಕ್ಕಡ ಹದಿನೆಂಟು ಕಳೆದ ಮೇಲೆ ಬಂದಾಗ ಡೈರಿ ತಂದಿದ್ದರು. ತಂದೆಯ ಅಕ್ಷರ ನಿಂತ ಮೇಲೆ ಖಾಲಿ ಬಿದ್ದಿದ್ದ ಪುಟಗಳಲ್ಲಿ ಇವರದ್ದು ಶುರುವಾಗಿದೆ. ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು.

"4-60. ಕಿತ್ತಳೆ. ಚೀಲ ಬಾಗಿಲ ಹತ್ತಿರ ಇಟ್ಟೆ. ಬರೆ ನೋಡಿ ಬಂದೆ. ಹತ್ತಕ್ಕೆ ಮಲಗಿದೆ."