ಪ್ರಕರಣ: "ಯೋಗ ಮಾಡು, ತಲಿ ತಣ್ಣಗಾಗ್ತದ"

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಕಲಬುರಗಿಯ ಗೃಹಿಣಿ, ವಯಸ್ಸು 46. ಗಂಡ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ.

ಸಣ್ಣ ಮಾತಿಗೂ ಸಿಟ್ಟು, ನಿದ್ದೆ ಇಲ್ಲ, ಸೊಂಟನೋವು. ಯೋಗ ಮಾಡು ಅಂದವರು ಗಂಡ. ಈಕೆ ಮೊಬೈಲಿನಲ್ಲಿ ಒಂದು ತಾಸಿನ ವಿಡಿಯೊ ಹಚ್ಚಿ ಶುರು ಮಾಡಿದರು. ಅರ್ಧಕ್ಕೆ ಅತ್ತೆ ಕೂಗುತ್ತಿದ್ದರು, ಇಲ್ಲವೇ ಹಾಲಿನವನು ಬರುತ್ತಿದ್ದ. ಸ್ವಲ್ಪ ದಿನಕ್ಕೇ ನಿಂತುಹೋಯಿತು. ಈಗ ಸಿಟ್ಟಿನ ಜೊತೆ ಇನ್ನೊಂದು ಕೊರಗು. "ಇಷ್ಟೂ ನನ್ನ ಕೈಲೆ ಆಗಲಿಲ್ಲಲ್ರೀ ಮೇಡಂ, ನಾನು ಸೋಮಾರಿ ಇದ್ದೀನಿ."

ನಸುಕಿಗೆ ಎದ್ದು ರೊಟ್ಟಿ ಬಡಿದು, ಅತ್ತೆಯನ್ನು ಎತ್ತಿ ಹೊರಳಿಸುವ ಹೆಂಗಸು ಸೋಮಾರಿ ಹೇಗಾಗ್ತಾರೆ? ಒಂದು ದಿನದ ಕೆಲಸವನ್ನೆಲ್ಲ ಬರೆಸಿದೆ. ಹಾಳೆ ತುಂಬಿತು. ತಮಗೆ ಅಂತ ಇಟ್ಟುಕೊಂಡ ಹೊತ್ತು ಅದರಲ್ಲಿ ಒಂದೂ ಇರಲಿಲ್ಲ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಮುಟ್ಟು ನಿಲ್ಲುವ ವಯಸ್ಸು, ಥೈರಾಯ್ಡ್, ರಕ್ತ ಕಡಿಮೆ ಇರುವುದು, ಇವೆಲ್ಲ ಸಿಟ್ಟು ಮತ್ತು ಸುಸ್ತಿನ ವೇಷದಲ್ಲೂ ಬರಬಹುದು. ಇವರಿಗೆ ಬಿಪಿ ಜಾಸ್ತಿ ಇತ್ತು. ವಿಡಿಯೊ ನೋಡಿ ಮಾಡುತ್ತಿದ್ದದ್ದು ಮಾತ್ರ ಬಿರುಸಿನ ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರಹಾಕುವುದು! ಬಿಪಿ ಜಾಸ್ತಿ ಇದ್ದವರು ಅದನ್ನು ಮಾಡಬಾರದು, ತಲೆಕೆಳಗಾಗುವ ಆಸನಗಳೂ ಬೇಡ.

ಡಾಕ್ಟರು ಒಪ್ಪಿದ ಮೇಲೆ, ಯೋಗ ಕಲಿಸುವವರೊಬ್ಬರಿಂದ ನಾಲ್ಕೇ ಆಸನ ನೋಡಿ ಕಲಿಯಲು ಹೇಳಿದೆ. ನೆಟ್ಟಗೆ ನಿಲ್ಲುವ ತಾಡಾಸನ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ, ಬೆನ್ನಿಗೆ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ತಗ್ಗಿಸುವ ಮಾರ್ಜಾಲಾಸನ, ತೊಡೆಗೆ ಉತ್ಕಟಾಸನ. ಉತ್ಕಟಾಸನ ಅಂದರೆ ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಮೊಣಕಾಲು ಮಡಚಿ ನಿಲ್ಲುವುದು. ಅತ್ತೆಯನ್ನು ಎತ್ತುವಾಗಲೂ ಬಗ್ಗಬೇಕಾದದ್ದು ಹಾಗೇ, ಇವರು ಸೊಂಟದಿಂದ ಬಗ್ಗುತ್ತಿದ್ದರು. ನನ್ನ ಕೋಣೆಯಲ್ಲೇ ಎರಡು ಸಲ ಮಾಡಿ ನೋಡಿದರು. ತೊಡೆ ನಡುಗಿತು, ನಕ್ಕರು.

ಕೊನೆಗೆ ಮಲಗಿ, ಒಳಗೆ ಎಳೆದದ್ದಕ್ಕಿಂತ ನಿಧಾನಕ್ಕೆ ಉಸಿರು ಬಿಡುವುದು. ಹಾಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಉಸಿರು ಹಿಡಿದಿಟ್ಟುಕೊಳ್ಳುವುದು ಬೇಡ. ಎಲ್ಲ ಸೇರಿ 15 ನಿಮಿಷ, ಬರಿಹೊಟ್ಟೆಯಲ್ಲಿ, ಬಿಸಿಲೇರುವ ಮೊದಲು ಮಾಳಿಗೆ ಮೇಲೆ. ಪರಸಿ (ಹಾಸುಗಲ್ಲು) ಮೇಲೆ ಜಮಖಾನ ಜಾರುತ್ತದೆ, ಮ್ಯಾಟ್ ತಗೊಳ್ಳಿ ಅಂದೆ.

ಆಮೇಲೆ ಗಂಡನನ್ನು ಕರೆಸಿದೆ. ಆ ಹೊತ್ತು ಅಮ್ಮನನ್ನು ನೋಡುವುದು ನಿಮ್ಮ ಪಾಲು ಅಂದಾಗ, "ಯೋಗ ಆಕಿಗಿ ಹೇಳೀರಿ, ನನಗ್ಯಾಕ ಕರ್ಸೀರಿ?" ಅಂದರು. ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.

ನಿಜವಾದ ಸಿಟ್ಟು ಇದ್ದದ್ದು ಮೈದುನನ ಮೇಲೆ. ಅದೇ ಊರಿನಲ್ಲಿದ್ದರೂ ತಾಯಿಯನ್ನು ನೋಡಲು ಬರುತ್ತಿರಲಿಲ್ಲ. ಆ ಸಿಟ್ಟಿಗೆ ಕಾರಣ ಇದೆ, ಅಲ್ವಾ? ಅದನ್ನು ನುಂಗಿಕೊಳ್ಳಲು ಯೋಗ ಬೇಡ, ಮೈದುನನಿಗೇ ನೇರ ಹೇಳಿ ಅಂದೆ. ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಸಾಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು ಅಂತ ನಂಬರನ್ನೂ ಬರೆದುಕೊಟ್ಟೆ.

ಈಗ ನಿದ್ದೆ ಮೊದಲಿಗಿಂತ ವಾಸಿ. ಬಿಪಿ ಮಾತ್ರೆ ಮುಂದುವರಿದಿದೆ. ಮೈದುನ ಭಾನುವಾರ ಬರುತ್ತಾನೆ, ಅದೂ ಎರಡು ಸಲ ಫೋನ್ ಮಾಡಿದ ಮೇಲೆ.