ಸಂಪಾದಕರ ಉತ್ತರ: ಕಣ್ಣಿಗೆ ಕಟ್ಟಿದ ಹಾಗಿರುವ ನೆನಪೂ ತಪ್ಪಿರಬಹುದು

ತಿಪಟೂರು ಕಡೆಯ ಓದುಗರೊಬ್ಬರು, ನಿವೃತ್ತ ಗಣಿತ ಶಿಕ್ಷಕಿ, ಬರೆದ ಪತ್ರದ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ನೆನಪು ಅನ್ನೋದು ವಿಡಿಯೋ ರೆಕಾರ್ಡಿಂಗ್ ಅಲ್ಲ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ಸುದ್ದಿ ಬಂದ ಬೆಳಿಗ್ಗೆ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಪರದೆಯ ಮೇಲೆ ಕಾಡು ತೋರಿಸುತ್ತಿದ್ದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ತಮ್ಮ ಮಾತ್ರ ಆಗ ಟಿವಿ ರಿಪೇರಿಗೆ ಹೋಗಿತ್ತು, ಸುದ್ದಿ ತಂದದ್ದು ಹಾಲಿನವನು ಅಂತ ಹಟ ಮಾಡುತ್ತಾನೆ. ಈ ಸಲ ಹಬ್ಬದಲ್ಲಿ ಇದೇ ದೊಡ್ಡ ಜಗಳವಾಯಿತು. ನಮ್ಮಲ್ಲಿ ಯಾರು ಸುಳ್ಳು ಹೇಳುತ್ತಿದ್ದೇವೆ? ನನಗೀಗ 64 ವರ್ಷ, ಇದು ಮರೆವಿನ ಕಾಯಿಲೆಯ ಶುರುವಾ? ನೀವು ಹೇಳೋದೇ ನಿಜವಾದರೆ ಕೋರ್ಟಿನಲ್ಲಿ ಕಣ್ಣಾರೆ ಕಂಡ ಸಾಕ್ಷಿಗೆ ಏನು ಬೆಲೆ?"

ಮೇಡಂ, ನಮಸ್ಕಾರ.

ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ. ನಿಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಸರಿ ಇರುವುದಕ್ಕಂತೂ ಆಗುವುದಿಲ್ಲ, ಇಬ್ಬರೂ ತಪ್ಪಿರಬಹುದು. ಸುಳ್ಳು ಹೇಳುವವರಿಗೆ ತಾವು ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿರುತ್ತದೆ. ನಿಮಗೂ ನಿಮ್ಮ ತಮ್ಮನಿಗೂ ಹಾಗಿಲ್ಲ, ಇಬ್ಬರಿಗೂ ಆ ಬೆಳಿಗ್ಗೆ ಎದುರಿಗೇ ಕಾಣುತ್ತಿದೆ. ತೊಂದರೆ ಇರುವುದು ಅಲ್ಲೇ.

ನಿಮ್ಮ ಹಾಗೆ ಒಬ್ಬ ದೊಡ್ಡ ಮನೋವಿಜ್ಞಾನಿಗೂ ಒಂದು ಸ್ಪಷ್ಟ ನೆನಪಿತ್ತು. ಅವರ ಹೆಸರು ಉಲ್ರಿಕ್ ನೈಸರ್. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದಾಗ ಅವರಿನ್ನೂ ಹುಡುಗ. ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಕೇಳುತ್ತಾ ಕೂತಿದ್ದೆ, ಅದನ್ನು ನಿಲ್ಲಿಸಿ ಸುದ್ದಿ ಹೇಳಿದರು ಅಂತ ವರ್ಷಾನುಗಟ್ಟಲೆ ನಂಬಿದ್ದರು. ಆಮೇಲೊಂದು ದಿನ ಹೊಳೆಯಿತು, ಅಮೆರಿಕದಲ್ಲಿ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ! ಆ ಭಾನುವಾರ ರೇಡಿಯೋದಲ್ಲಿ ಬರುತ್ತಿದ್ದದ್ದು ಬಹುಶಃ ಫುಟ್‌ಬಾಲ್ ಪಂದ್ಯ ಇರಬೇಕು ಅಂತ ಬೇರೆಯವರು ಹುಡುಕಿ ತೋರಿಸಿದರು.

ಇದೇ ನೈಸರ್ ಮುಂದೆ ಮಾಡಿದ ಪರೀಕ್ಷೆ ನಿಮ್ಮ ಪತ್ರಕ್ಕೆ ತುಂಬಾ ಹತ್ತಿರ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಮೇಲೆದ್ದ 73 ಸೆಕೆಂಡಿಗೆ ಒಡೆದು ಏಳು ಜನ ತೀರಿಕೊಂಡರು, ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಮಾರನೇ ದಿನ ಬೆಳಿಗ್ಗೆಯೇ ನೈಸರ್ ಮತ್ತು ಅವರ ಜೊತೆಗಾರ್ತಿ ನಿಕೋಲ್ ಹಾರ್ಶ್ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹಾಳೆ ಕೊಟ್ಟು, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಅಂತ ಬರೆಸಿಕೊಂಡರು. ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಮತ್ತೆ ಕೇಳಿದರು. ಎಲ್ಲ ಮುಖ್ಯ ವಿವರ ಸರಿ ಹೇಳಿದವರು ಮೂರೇ ಜನ. 11 ಜನರದ್ದು ಪೂರ್ತಿ ತಪ್ಪು, ಒಂದು ಅಂಕವೂ ಇಲ್ಲ. ಆದರೂ ನಿಮಗೆಷ್ಟು ಖಾತ್ರಿ ಇದೆ ಅಂತ ಕೇಳಿದರೆ ಸರಾಸರಿ ಐದಕ್ಕೆ ನಾಲ್ಕರ ಮೇಲೆ ಕೊಟ್ಟುಕೊಂಡಿದ್ದರು. ಅವರದೇ ಕೈಬರಹದ ಹಳೇ ಹಾಳೆ ತೋರಿಸಿದರೂ ಹಳೆಯ ನೆನಪು ಯಾರಿಗೂ ವಾಪಸ್ ಬರಲಿಲ್ಲ. ಅಕ್ಷರ ನನ್ನದೇ, ಆದರೆ ನಡೆದದ್ದು ಹೀಗಲ್ಲ ಅನ್ನುವ ಹಾಗಿತ್ತು ಅವರ ಸ್ಥಿತಿ.

ಈಗ ಟಿವಿ ವಿಷಯ ನೋಡಿ. ಆ 44 ಜನರಲ್ಲಿ ಮಾರನೇ ದಿನ, ಮೊದಲು ಟಿವಿಯಲ್ಲಿ ನೋಡಿದೆ ಅಂತ ಬರೆದವರು 9. ಎರಡೂವರೆ ವರ್ಷದ ನಂತರ ಅದೇ ಮಾತು ಹೇಳಿದವರು 19. ಗೆಳೆಯ ಹೇಳಿದ್ದು, ಕ್ಲಾಸಿನಲ್ಲಿ ಯಾರೋ ಮಾತಾಡಿದ್ದು ಎಲ್ಲ ಅಳಿಸಿಹೋಗಿ ಆ ಜಾಗಕ್ಕೆ ಟಿವಿ ಬಂದು ಕೂತಿತ್ತು. ಯಾಕೆಂದರೆ ಆಮೇಲೆ ಎಲ್ಲರೂ ಆ ದೃಶ್ಯವನ್ನು ಟಿವಿಯಲ್ಲಿ ಪದೇ ಪದೇ ನೋಡಿದ್ದರು.

ರಾಜ್‌ಕುಮಾರ್ ಅವರನ್ನು ಗಾಜನೂರಿನ ಮನೆಯಿಂದ ಕರೆದೊಯ್ದದ್ದು 2000ದ ಜುಲೈ 30, ಭಾನುವಾರ ರಾತ್ರಿ. ಬಿಡುಗಡೆ ಆದದ್ದು ನವೆಂಬರ್ 15ಕ್ಕೆ. ನಡುವೆ 108 ದಿನ. ಆ ಅಷ್ಟೂ ದಿನ ಕರ್ನಾಟಕದಲ್ಲಿ ಟಿವಿ ಇದ್ದ ಮನೆಗಳಲ್ಲೆಲ್ಲ ಅದೇ ಸುದ್ದಿ, ಅದೇ ಕಾಡು, ಅದೇ ಆತಂಕ. ನಿಮ್ಮ ಅಪ್ಪ ಲೋಟ ಕೆಳಗಿಟ್ಟು ಎದ್ದು ನಿಂತದ್ದು ನಿಜವೇ ಇರಬಹುದು ಮೇಡಂ, ಪರದೆಯ ಮೇಲೆ ಕಾಡು ಕಂಡದ್ದೂ ನಿಜವಿರಬಹುದು, ಆದರೆ ಅದು ಮೊದಲ ಬೆಳಿಗ್ಗೆಯೇ ಆಯಿತಾ ಅಥವಾ ಎರಡು ವಾರದ ನಂತರ ಯಾವುದೋ ಒಂದು ಸಂಜೆ ಆಯಿತಾ ಅನ್ನುವುದನ್ನು ನೆನಪು ಅಷ್ಟು ಜತನದಿಂದ ಬರೆದಿಟ್ಟುಕೊಂಡಿರುವುದಿಲ್ಲ. ಸುದ್ದಿ ತಂದವನು ಹಾಲಿನವನು ಅನ್ನುವ ನಿಮ್ಮ ತಮ್ಮನ ಮಾತಿಗೂ ಇದೇ ಅನ್ವಯ. ಹಾಲಿನವನು ಇನ್ಯಾವುದೋ ದಿನ ಇನ್ಯಾವುದೋ ಸುದ್ದಿ ತಂದಿರಬಹುದು. ಟಿವಿ ರಿಪೇರಿಗೆ ಹೋಗಿದ್ದು ಬೇರೆ ವರ್ಷ ಇರಬಹುದು.

ದೊಡ್ಡ ಆಘಾತದ ನೆನಪು ಕಲ್ಲಿನಲ್ಲಿ ಕೆತ್ತಿದ ಹಾಗೆ ಉಳಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಇದನ್ನೂ ಅಳೆದು ನೋಡಿದ್ದಾರೆ. 2001ರ ಸೆಪ್ಟೆಂಬರ್ 11ರ ದಾಳಿಯ ಮಾರನೇ ದಿನ ಡ್ಯೂಕ್ ವಿಶ್ವವಿದ್ಯಾಲಯದ ಜೆನ್ನಿಫರ್ ತಲರಿಕೊ ಮತ್ತು ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ಎರಡು ನೆನಪು ಬರೆಸಿಕೊಂಡರು. ಒಂದು ದಾಳಿಯ ಸುದ್ದಿ ಕೇಳಿದ ಗಳಿಗೆ. ಇನ್ನೊಂದು ದಾಳಿಗೆ ಕೆಲವೇ ದಿನ ಮೊದಲಿನ ಸಾಮಾನ್ಯ ಘಟನೆ, ಒಂದು ಪಾರ್ಟಿಯೋ ಇನ್ನೇನೋ. ಕೆಲವರನ್ನು ಒಂದು ವಾರಕ್ಕೆ, ಕೆಲವರನ್ನು ಆರು ವಾರಕ್ಕೆ, ಉಳಿದವರನ್ನು 32 ವಾರಕ್ಕೆ ಮತ್ತೆ ಕೇಳಿದರು. ಎರಡೂ ನೆನಪು ಒಂದೇ ವೇಗದಲ್ಲಿ ಕೆಟ್ಟಿದ್ದವು. ಸಾಮಾನ್ಯ ಘಟನೆಯ ಬಗ್ಗೆ ದಿನ ಕಳೆದಂತೆ ಅವರಿಗೇ ಅನುಮಾನ ಶುರುವಾಗಿತ್ತು. ದಾಳಿಯ ನೆನಪಿನ ಮೇಲೆ ಮಾತ್ರ ನಂಬಿಕೆ ಒಂಚೂರೂ ಕಡಿಮೆಯಾಗಲಿಲ್ಲ. ನೆನಪಿನ ಬಗ್ಗೆ ನಾನು ಓದಿದ್ದರಲ್ಲಿ ಅತ್ಯಂತ ಮುಖ್ಯ ಅನಿಸಿದ್ದು ಇದೇ. ಆಘಾತ ನೆನಪನ್ನು ನಿಖರ ಮಾಡುವುದಿಲ್ಲ, ನಮ್ಮ ಖಾತ್ರಿಯನ್ನು ಮಾತ್ರ ಗಟ್ಟಿ ಮಾಡುತ್ತದೆ.

ಇದಕ್ಕೆ ಕಾರಣ ಹುಡುಕಲು ಇಲಿಗಳ ಹತ್ತಿರ ಹೋಗಬೇಕು. 2000ದಲ್ಲೇ ನ್ಯೂಯಾರ್ಕ್‌ನಲ್ಲಿ ಕರೀಂ ನಾದರ್, ಗ್ಲೆನ್ ಶೇಫ್, ಜೋಸೆಫ್ ಲೆಡೂ ಎಂಬುವರು ಇಲಿಗಳಿಗೆ ಒಂದು ಶಬ್ದ ಕೇಳಿಸಿ ಸಣ್ಣ ಶಾಕ್ ಕೊಟ್ಟರು. ಆಮೇಲೆ ಆ ಶಬ್ದ ಕೇಳಿದರೆ ಸಾಕು, ಇಲಿಗಳು ಹೆದರಿ ನಿಂತಲ್ಲೇ ನಿಂತುಬಿಡುತ್ತಿದ್ದವು. ಮಿದುಳಿನಲ್ಲಿ ಒಮ್ಮೆ ಗಟ್ಟಿಯಾದ ನೆನಪು ಗಟ್ಟಿಯೇ ಅಂತ ಆಗ ಹೆಚ್ಚಿನವರ ನಂಬಿಕೆ. ಇವರು ಏನು ಮಾಡಿದರೆಂದರೆ, ಶಬ್ದ ಕೇಳಿಸಿ ಆ ಭಯವನ್ನು ಮತ್ತೆ ನೆನಪಿಗೆ ತಂದು, ಕೂಡಲೇ ಮಿದುಳಿನ ಅಮಿಗ್ಡಲಾ ಭಾಗಕ್ಕೆ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧ ಕೊಟ್ಟರು. ಮಾರನೇ ದಿನಕ್ಕೆ ಭಯ ಬಹುಪಾಲು ಹೋಗಿತ್ತು. ನೆನಪು ಮಾಡಿಸದೆ ಸುಮ್ನೆ ಔಷಧ ಕೊಟ್ಟ ಇಲಿಗಳಲ್ಲಿ ಭಯ ಹಾಗೇ ಇತ್ತು. ಅಂದರೆ ನೆನಪನ್ನು ಹೊರಗೆ ತೆಗೆದಾಗ ಅದು ಮೆತ್ತಗಾಗುತ್ತದೆ, ಮತ್ತೆ ಒಳಗಿಡಲು ಹೊಸದಾಗಿ ಗಟ್ಟಿ ಮಾಡಬೇಕಾಗುತ್ತದೆ. ಇಲಿಯ ಭಯಕ್ಕೂ ನಿಮ್ಮ ಮನೆಯ ಆ ಬೆಳಿಗ್ಗೆಗೂ ತುಂಬಾ ದೂರ, ಒಪ್ಪುತ್ತೇನೆ. ಆದರೂ ನೀವು ಆ ಕಥೆಯನ್ನು ಇಷ್ಟು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿರಬಹುದು ಯೋಚಿಸಿ. ಹೇಳಿದ ಪ್ರತಿ ಸಲವೂ ಒಂದು ವಿವರ ಹೊಸದಾಗಿ ಒಳಗೆ ಸೇರಲು ಅವಕಾಶ ಇತ್ತು.

ನೀವು ಗಣಿತ ಕಲಿಸಿದವರು, ಬೇರೆಯವರ ಮಾತಿಗಿಂತ ಸ್ವಂತ ಪರೀಕ್ಷೆಯ ಮೇಲೆ ನಂಬಿಕೆ ಜಾಸ್ತಿ ಇರುತ್ತದೆ. ಈ ಪದಗಳನ್ನು ನಿಧಾನವಾಗಿ ಒಂದು ಸಲ ಓದಿ: ಹಾಸಿಗೆ, ಮಂಚ, ಕನಸು, ಗೊರಕೆ, ಆಕಳಿಕೆ, ದಿಂಬು, ಸುಸ್ತು, ಕಂಬಳಿ, ತೂಕಡಿಕೆ, ಎಚ್ಚರ, ಜೋಗುಳ, ಮಂಪರು.

ಈಗ ಹಿಂದಕ್ಕೆ ನೋಡದೆ ಹೇಳಿ. ಪಟ್ಟಿಯಲ್ಲಿ ದಿಂಬು ಇತ್ತಾ? ಕುರ್ಚಿ ಇತ್ತಾ? ನಿದ್ದೆ ಇತ್ತಾ? ನಿದ್ದೆ ಇರಲಿಲ್ಲ. ಇತ್ತು ಅಂತ ನಿಮಗೆ ಅನಿಸಿದ್ದರೆ ನೀವು ಒಬ್ಬರೇ ಅಲ್ಲ. 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಇಂಗ್ಲಿಷಿನಲ್ಲಿ ಇಂಥದ್ದೇ ಪಟ್ಟಿಗಳನ್ನು ಓದಿ ಹೇಳಿದಾಗ ವಿದ್ಯಾರ್ಥಿಗಳು ಸುಮಾರು ಅರ್ಧದಷ್ಟು ಸಲ ಇಲ್ಲದ ಪದವನ್ನು ಇತ್ತು ಅಂತ ಬರೆದರು. ಹೀಗೆ ಬರೆಯಲು ಬುದ್ಧಿ ಕಡಿಮೆ ಇರಬೇಕಿಲ್ಲ. ಹತ್ತು ಇಪ್ಪತ್ತು ವರ್ಷದ ಹಿಂದಿನ ಯಾವ ತಾರೀಖು ಹೇಳಿದರೂ ಅವತ್ತು ಯಾವ ವಾರ, ಏನೇನು ನಡೆಯಿತು ಅಂತ ಹೇಳುವ ಕೆಲವೇ ಕೆಲವು ಜನ ಜಗತ್ತಿನಲ್ಲಿದ್ದಾರೆ. ಅಂಥ 20 ಜನರನ್ನು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿದ ಫಲಿತಾಂಶ 2013ರಲ್ಲಿ ಬಂತು. ಅವರೂ ಈ ಪದಪಟ್ಟಿಯಲ್ಲಿ ನಮ್ಮ ನಿಮ್ಮಷ್ಟೇ ಮೋಸ ಹೋಗಿದ್ದರು.

ಹಾಗಾದರೆ ಮಿದುಳು ಕೆಟ್ಟ ಯಂತ್ರವಾ? ನನಗೆ ಹಾಗನಿಸುವುದಿಲ್ಲ. 2007ರಲ್ಲಿ ಲಂಡನ್ನಿನ ಡೆಮಿಸ್ ಹಸಾಬಿಸ್ ಮತ್ತು ಅವರ ತಂಡ, ಮಿದುಳಿನ ಹಿಪೊಕ್ಯಾಂಪಸ್ ಹಾಳಾಗಿ ಹಳೆಯ ದಿನಗಳು ನೆನಪಿಗೆ ಬಾರದ ರೋಗಿಗಳಿಗೆ ಒಂದು ವಿಚಿತ್ರ ಕೆಲಸ ಕೊಟ್ಟಿತು. ನೆನಪು ಮಾಡಿಕೊಳ್ಳಬೇಡಿ, ಸುಂದರವಾದ ಕಡಲ ತೀರದಲ್ಲಿ ಬಿಳಿ ಮರಳಿನ ಮೇಲೆ ಮಲಗಿದ್ದೀರಿ ಅಂತ ಕಲ್ಪಿಸಿಕೊಂಡು ವರ್ಣಿಸಿ ಅಂದರು. ಕಲ್ಪನೆಗೆ ನೆನಪು ಯಾಕೆ ಬೇಕು? ಆದರೆ ಹೆಚ್ಚಿನವರಿಗೆ ಆಗಲೇ ಇಲ್ಲ. ಚೂರುಪಾರು ಬಂತು, ಒಂದು ಇಡೀ ದೃಶ್ಯ ಮೂಡಲಿಲ್ಲ. ನಿನ್ನೆಯನ್ನು ನೆನೆಯುವ ಭಾಗವೇ ನಾಳೆಯನ್ನೂ ಕಟ್ಟಿಕೊಡುತ್ತದೆ ಅನ್ನುವುದಕ್ಕೆ ಇದು ದೊಡ್ಡ ಸುಳಿವು. ಮಗಳ ಮದುವೆಗೆ ಎಲ್ಲಿ ಚಪ್ಪರ ಹಾಕಿಸಬೇಕು, ಯಾರನ್ನು ಎಲ್ಲಿ ಕೂರಿಸಬೇಕು ಅಂತ ಮುಂಚೆಯೇ ಕಣ್ಣ ಮುಂದೆ ತಂದುಕೊಳ್ಳಲು ಬೇಕಾದದ್ದು ಹಳೆಯ ಚೂರುಗಳನ್ನು ಹೊಸ ರೀತಿ ಜೋಡಿಸುವ ಶಕ್ತಿ. ಆ ಶಕ್ತಿ ಇರುವ ಕಡೆ ಚೂರುಗಳು ಆಗಾಗ ತಪ್ಪು ಜಾಗದಲ್ಲಿ ಸೇರಿಕೊಳ್ಳುತ್ತವೆ. (ಈ ಹಸಾಬಿಸ್ ಮುಂದೆ ಕೃತಕ ಬುದ್ಧಿಮತ್ತೆಯ ಕಡೆ ಹೋದರು. ಪ್ರೋಟೀನ್‌ಗಳ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗಾಗಿ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದವರು ಇವರೇ.)

ಕೋರ್ಟಿನ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಧನ್ಯವಾದ. ಹಬ್ಬದ ಜಗಳದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಅಲ್ಲಿ ತಪ್ಪಿದರೆ ಒಂದು ಜೀವನ ಹೋಗುತ್ತದೆ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಸಣ್ಣ ಫಿಲ್ಮ್ ತೋರಿಸಿದರು. 50 ಜನರಿಗೆ "ಕಾರುಗಳು ಅಪ್ಪಳಿಸಿದಾಗ ಎಷ್ಟು ವೇಗ ಇತ್ತು" ಅಂತ, ಇನ್ನು 50 ಜನರಿಗೆ "ತಾಗಿದಾಗ ಎಷ್ಟು ವೇಗ ಇತ್ತು" ಅಂತ ಕೇಳಿದರು, ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಅಂತ ಕೇಳಿದರೆ ಅಪ್ಪಳಿಸಿದ ಗುಂಪಿನಲ್ಲಿ 16 ಜನ ಹೌದು ಅಂದರು, ತಾಗಿದ ಗುಂಪಿನಲ್ಲಿ 7. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರಶ್ನೆಯ ಒಂದೇ ಒಂದು ಪದ ಗಾಜನ್ನು ತಂದು ಹಾಕಿತ್ತು.

ಅದೇ ಅಮೆರಿಕದಲ್ಲಿ 1984ರಲ್ಲಿ ನಾರ್ತ್ ಕೆರೊಲಿನಾದ ಬರ್ಲಿಂಗ್ಟನ್ ಎಂಬ ಊರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಯಿತು. ಆಕೆ ಧೈರ್ಯಗೆಡದೆ, ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕು ಅಂತ ಅವನ ಮುಖವನ್ನು ಗಮನವಿಟ್ಟು ನೋಡಿಕೊಂಡಿದ್ದಳು. ಮೊದಲು ಫೋಟೋಗಳಲ್ಲಿ, ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲಿ, ರೊನಾಲ್ಡ್ ಕಾಟನ್ ಎಂಬುವನನ್ನು ಗುರುತಿಸಿದಳು. ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನೇ ಎದುರಿಗೆ ತಂದು ನಿಲ್ಲಿಸಿದಾಗ, ಇವನನ್ನು ನೋಡಿಯೇ ಇಲ್ಲ ಅಂದಳು. ಅಷ್ಟರಲ್ಲಿ ಅವಳ ನೆನಪಿನೊಳಗೆ ಕಾಟನ್ ಮುಖವೇ ಇತ್ತು. ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಅಂತ ಸಾಬೀತಾಗಿ ಹೊರಬಂದ. ಆಕೆ ಸುಳ್ಳು ಹೇಳಿರಲಿಲ್ಲ ಮೇಡಂ. ಇದನ್ನು ಓದಿದಾಗ ನನಗೆ ಇಬ್ಬರ ಬಗ್ಗೆಯೂ ಸಂಕಟವಾಯಿತು.

ಹಾಗಂತ ಸಾಕ್ಷಿಯ ಮಾತಿಗೆ ಬೆಲೆಯೇ ಇಲ್ಲ ಅಂತಲ್ಲ. ಘಟನೆ ನಡೆದ ಕೂಡಲೇ, ಯಾರೂ ಏನೂ ಹೇಳಿಕೊಡುವ ಮೊದಲು ಆಡಿದ ಮಾತಿಗೆ ಬೆಲೆ ಜಾಸ್ತಿ. ವಿಚಾರಣೆಯ ಹೊತ್ತಿಗೆ ಎಷ್ಟು ಖಡಾಖಂಡಿತವಾಗಿ ಹೇಳುತ್ತಾರೆ ಅನ್ನುವುದಕ್ಕೆ ಕಡಿಮೆ. ಮಾತು ಬೇಡ, ಮಿದುಳನ್ನೇ ಓದಿಬಿಡೋಣ ಅನ್ನುವವರೂ ಇದ್ದಾರೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಈ ಕೆಲಸ ಇವನೇ ಮಾಡಿದ್ದು ಅಂತ ಮಿದುಳಿನ ಅಲೆಗಳಿಂದ ಹೇಳುತ್ತೇವೆ ಅನ್ನುವ ಪರೀಕ್ಷೆಯನ್ನು ನಮ್ಮ ದೇಶದಲ್ಲಿ ಕೊಲೆ ಪ್ರಕರಣದಲ್ಲೂ ಬಳಸಿದ್ದರು. ಅದು ವೈಜ್ಞಾನಿಕವಲ್ಲ ಅಂತ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ 2008ರಲ್ಲೇ ಹೇಳಿತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ಮಾಡುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಒಪ್ಪಿಗೆಯಿಂದ ಮಾಡಿಸಿದರೂ ಆ ಫಲಿತಾಂಶವೇ ಸಾಕ್ಷಿಯಾಗುವುದಿಲ್ಲ. ನನ್ನ ಪ್ರಕಾರ ಇದು ಬಹಳ ಒಳ್ಳೆಯ ತೀರ್ಪು.

ಕಾಯಿಲೆಯ ಭಯ ಬಿಡಿ. ಮೇಲೆ ಹೇಳಿದ ಪ್ರಯೋಗಗಳಲ್ಲಿ ತಪ್ಪಿದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಗೊತ್ತಿರುವ ರಸ್ತೆಯಲ್ಲೇ ದಾರಿ ತಪ್ಪುವುದು, ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ವರ್ಷಗಳಿಂದ ನೀವೇ ಬರೆಯುತ್ತಿದ್ದ ಮನೆ ಲೆಕ್ಕ ಗೋಜಲಾಗುವುದು, ಇಂಥದ್ದು ಕಂಡರೆ ಮಾತ್ರ ನರರೋಗ ತಜ್ಞರಿಗೆ ತೋರಿಸಿ. ಎರಡು ದಶಕದ ಹಿಂದಿನ ಒಂದು ಬೆಳಿಗ್ಗೆಯ ಬಗ್ಗೆ ತಮ್ಮನ ಜೊತೆ ಭಿನ್ನಾಭಿಪ್ರಾಯ ಬಂದದ್ದಕ್ಕೆ ತೋರಿಸಬೇಕಾಗಿಲ್ಲ.

ಒಂದು ಕೋರಿಕೆ ಇದೆ. ಈ ಉತ್ತರ ನಿಮ್ಮ ತಮ್ಮನ ಕೈ ಸೇರುವ ಮೊದಲೇ ಅವರಿಂದ ಆ ಬೆಳಿಗ್ಗೆಯ ವಿವರ ಬರೆಸಿ. ಟಿವಿ, ಹಾಲಿನವನು ಅಂತೆಲ್ಲ ನೀವಾಗಿ ಎತ್ತಬೇಡಿ, "ಅವತ್ತು ಏನಾಯಿತು" ಅಂತಷ್ಟೇ ಕೇಳಿ. ಆ ದಿನ ಮನೆಯಲ್ಲಿದ್ದ ಬೇರೆಯವರಿಂದಲೂ ಬೇರೆ ಬೇರೆಯಾಗಿ ಬರೆಸಿ. ಹಳೇ ಟ್ರಂಕಿನಲ್ಲಿ ಅಪ್ಪನ ಲೆಕ್ಕದ ಪುಸ್ತಕವೋ ಟಿವಿ ರಿಪೇರಿಯ ಚೀಟಿಯೋ ಸಿಗುತ್ತದಾ ನೋಡಿ, ತಾರೀಖು ಹೇಳುವುದು ಅದೇ. ಎಲ್ಲವನ್ನೂ ನಮಗೆ ಕಳಿಸಿದರೆ, ಹೆಸರು ಹಾಕದೆ ಪಕ್ಕಪಕ್ಕದಲ್ಲೇ ಪ್ರಕಟಿಸುತ್ತೇವೆ.